ಬಾಯಿ ಮುಚ್ಚಿ ಓದಿದ ತಿಂಗಳು

ಫೆಬ್ರವರಿ 5, ಗುರುವಾರ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ನಂಬಿ ಇಷ್ಟು ವರ್ಷ ಬಾಳಿದವನು ನಾನು. ಇವತ್ತು ಗಂಟಲಿನ ಡಾಕ್ಟರಮ್ಮ ಆ ಬಾಯಿಗೆ ಒಂದು ತಿಂಗಳ ಬೀಗ ಜಡಿದು ಮನೆಗೆ ಕಳಿಸಿದ್ದಾರೆ.

ಇದು ಎರಡನೇ ಆಪರೇಷನ್ನು. ಸ್ವರ ಹುಟ್ಟುವ ಜಾಗದಲ್ಲೇ ಗಂಟು. ಮೊದಲ ಸಲ ತೆಗೆದಾಗಲೂ ಮಾತಾಡಬೇಡಿ ಅಂದಿದ್ದರು. ಬಸ್ ನಿಲ್ದಾಣದವರೆಗೆ ಮಾತಾಡದೆ ಬಂದಿದ್ದೆ ಕೂಡ. ಅಲ್ಲೊಬ್ಬ ಪುಣ್ಯಾತ್ಮ ನನ್ನ ಕಾಲು ತುಳಿದ, ಅಲ್ಲಿಗೆ ವ್ರತ ಮುಗಿಯಿತು.

"ಈ ಸಲ ಪಿಸುಮಾತೂ ಕೂಡದು, ಗುನುಗೋದೂ ಕೂಡದು. ತಿಂಗಳಾದ ಮೇಲೆ ನೋಡಿ ಹೇಳ್ತೀನಿ, ಸ್ವರ ಬರುತ್ತೋ ಇಲ್ವೋ ಅಂತ," ಅಂದರು ಡಾಕ್ಟರಮ್ಮ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಿಗೆ, ಅದೂ ಇಡೀ ಮಂಡಿಯೇ ಸೈರನ್ ಎಂದು ಕರೆಯುವ ಮನುಷ್ಯನಿಗೆ ಹೇಳುವ ಮಾತೇ ಇದು. ಉತ್ತರ ಕೊಡೋಣವೆಂದರೆ ಬಾಯಿ ತೆರೆಯುವ ಹಾಗಿಲ್ಲ.

ಮಂಡಿಯ ಸಾಹುಕಾರರು ನೋಡಲು ಬಂದಿದ್ದರು. "ನಿನ್ನ ಜಾಗ ಎಲ್ಲಿಗೂ ಹೋಗಲ್ಲ. ಒಂದು ತಿಂಗಳು ನಿನ್ನ ಭಾಮೈದ ನೋಡ್ಕೋತಾನೆ," ಅಂದರು. ಒಂದು ತಿಂಗಳು ಎಂದರೆ ಒಂದೇ ತಿಂಗಳು ಎಂಬುದು ಅವರ ಮುಖದ ಮೇಲೇ ಇತ್ತು. ಭಾಮೈದ ಎಂದರೆ ಇವಳ ತಮ್ಮ. ಮಕ್ಕಳು ಊದುವ ಪೀಪಿಯ ದನಿ ಅವನದು, ಹಾಗಾಗಿ ಪೀಪಿ ಎಂದು ಹೆಸರಿಟ್ಟವನೂ ನಾನೇ. ಈಗ ಹರಾಜು ಕೂಗುವ ನನ್ನ ಕಟ್ಟೆಯ ಮೇಲೆ ಅವನು ನಿಲ್ಲುತ್ತಾನೆ.

ಇವಳು ಏನೋ ಹೇಳಿದಳು. ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಮಾತಿಗೆ ಬದಲು ಒಂದು ಸ್ಲೇಟು, ಸಿಟ್ಟು ತೀರಿಸಿಕೊಳ್ಳಲು ಈ ಡೈರಿ ತಂದಿಟ್ಟಿದ್ದಾಳೆ.

ಫೆಬ್ರವರಿ 7, ಶನಿವಾರ

ಕೈಲಾಗದವನು ಮೈ ಪರಚಿಕೊಂಡ ಎನ್ನುವುದು ನನ್ನನ್ನು ನೋಡಿಯೇ ಹೇಳಿದ್ದಿರಬೇಕು. ಬೆಳಗಾಗುವ ಮೊದಲೇ ಎದ್ದು ಅಂಗಿ ತೊಟ್ಟು ಬಾಗಿಲವರೆಗೆ ಹೋಗಿ, ನೆನಪಾಗಿ, ತಿರುಗಿ ಬಂದೆ. ಗೋಡೆ ನೋಡಿದೆ. ಕಿಟಕಿ ನೋಡಿದೆ. ಎದುರುಮನೆಯವನು ಸ್ಕೂಟರನ್ನು ತಪ್ಪಾಗಿ ಒರೆಸುತ್ತಿದ್ದ, ಹೇಳಲಾಗಲಿಲ್ಲ.

ಸಂಜೆ ಇವಳು ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಇವಳು ಕೆಲಸಕ್ಕೆ ಹೋಗುವುದು ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಗೆ. ಕೊಡುವುದು, ತೆಗೆದುಕೊಳ್ಳುವುದು, ಮುದ್ರೆ ಒತ್ತುವುದು, ಬೆನ್ನು ಕಿತ್ತುಹೋದದ್ದಕ್ಕೆ ಅಂಟು ಹಚ್ಚುವುದು. ಎಷ್ಟು ವರ್ಷದಿಂದ ಎಂದು ಯಾರಾದರೂ ಕೇಳಿದರೆ ನನಗೆ ನೆನಪಿಲ್ಲ.

ಒಂದು ಬಾವಲಿಗಳ ಬಗ್ಗೆ. ಒಂದು ಕವಿತೆ, ತೆಳ್ಳಗಿದೆ. ಒಂದು ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ಶಾಲೆ ಬಿಟ್ಟ ಮೇಲೆ ನಾನು ಓದಿರುವುದು ಪೇಪರು ಮತ್ತು ಮಂಡಿಯ ದರದ ಹಲಗೆ. "ಬಾವಲಿ ನನಗ್ಯಾಕೆ?" ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಇವಳು ನಕ್ಕು ಒಳಗೆ ಹೋದಳು.

ಫೆಬ್ರವರಿ 9, ಸೋಮವಾರ

ಬಾವಲಿ ಹಿಡಿದೆ. ಮಾಡಲು ಬೇರೇನಿದೆ.

ಎರಡು ಪುಟ ಓದುವಷ್ಟರಲ್ಲಿ ಇವಳು ಬಂದು ನನ್ನ ಗಂಟಲ ಮೇಲೆ ಬೆರಳಿಟ್ಟಳು. "ಅಲ್ಲಾಡ್ತಾ ಇದೆ. ಗುನುಗ್ತಾ ಇದ್ದೀರ." ಇಲ್ಲವೆಂದು ತಲೆಯಾಡಿಸಿದೆ. "ರೀ, ಅಡುಗೆಮನೆಗೆ ಕೇಳಿಸ್ತು." ನನಗೆ ಆಗಲೇ ಗೊತ್ತಾದದ್ದು, ನಾನು ಓದುವುದೇ ಬಾಯಲ್ಲಿ ಎಂದು. ಪೇಪರನ್ನೂ ಹಾಗೇ ಓದುವವನು. ಅಕ್ಷರ ತುಟಿಯಿಂದ ಹೊರಬಿದ್ದು ಕಿವಿಗೆ ಬಿದ್ದರೆ ಮಾತ್ರ ನನಗೆ ತಲೆಗೆ ಹತ್ತುವುದು. ಬರೀ ಕಣ್ಣಿನಲ್ಲಿ ಓದಿದರೆ ಸಾಲು ಎತ್ತಲೋ, ನಾನು ಎತ್ತಲೋ.

ಇವಳು ಒಂದು ಪೆನ್ಸಿಲ್ ತಂದು ನನ್ನ ಹಲ್ಲಿನ ನಡುವೆ ಅಡ್ಡ ಇಟ್ಟಳು. "ಇದನ್ನ ಕಚ್ಕೊಂಡು ಓದಿ, ತುಟಿ ಸುಮ್ಮನಿರುತ್ತೆ." ಈ ವಯಸ್ಸಿನಲ್ಲಿ ಕಡಿವಾಣ ಹಾಕಿಸಿಕೊಂಡು ಬಾವಲಿ ಓದಿದೆ. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು.

ಫೆಬ್ರವರಿ 10, ಮಂಗಳವಾರ

ಪೆನ್ಸಿಲ್ ಮುರಿಯಿತು. ಸಿಟ್ಟಿಗಲ್ಲ. ಬಾವಲಿ ಮರಿಯೊಂದು ಗುಹೆಯ ಚಾವಣಿಯಿಂದ ಹಿಡಿತ ತಪ್ಪಿ ಬೀಳುವ ಜಾಗ ಬಂದಿತ್ತು.

ಫೆಬ್ರವರಿ 14, ಶನಿವಾರ

ಬಾವಲಿ ಮುಗಿಸಿದೆ. ನನ್ನ ಜನ್ಮದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಪುಸ್ತಕ ಎಂದು ಇಲ್ಲಿ ಬರೆದಿಡುತ್ತೇನೆ.

ಬರೆದವನು ಹುಚ್ಚನೇ ಸರಿ. ಸೇತುವೆಗಳ ಕೆಳಗೆ, ಗುಹೆಗಳ ಬಾಯಲ್ಲಿ, ಪಾಳುಮನೆಗಳ ಅಟ್ಟದಲ್ಲಿ ಮೈಮೇಲೆಲ್ಲ ಹಿಕ್ಕೆ ಬೀಳಿಸಿಕೊಂಡು ಕೂತವನು. ಅಂಕಿಅಂಶ ಹೇಳುವಾಗ ಜಂಬ ಕೊಚ್ಚಿಕೊಳ್ಳುತ್ತಾನೆ, ಅದು ನನಗೆ ಹಿಡಿಸಲಿಲ್ಲ. ಆದರೆ ಹೇಳುವ ಸಂಗತಿಗಳಿವೆಯಲ್ಲ! ಬಾವಲಿ ಸದ್ದಿಲ್ಲದ ಪ್ರಾಣಿ ಎಂದುಕೊಂಡಿದ್ದೆ. ಅದು ಹಾರುವಷ್ಟು ಹೊತ್ತೂ ಕಿರುಚುತ್ತಲೇ ಇರುತ್ತದಂತೆ, ನಮ್ಮ ಕಿವಿಗೆ ಕೇಳಿಸದಷ್ಟು ಏರುದನಿಯಲ್ಲಿ. ಕಿರುಚಿದ ಸದ್ದು ಗೋಡೆಗೋ ಹುಳಕ್ಕೋ ತಾಗಿ ಮರಳಿ ಬರುತ್ತದೆ, ಆ ಮರುದನಿಯಿಂದಲೇ ಅದಕ್ಕೆ ದಾರಿ ಕಾಣುವುದು. ಎಂದರೆ ನನ್ನ ಕುಲದ್ದೇ. ಕೂಗಿ ಬದುಕುವ ಕುಲ.

ಇನ್ನೊಂದು ವಿಷಯ ಓದಿ ಎದ್ದು ನಿಂತೇಬಿಟ್ಟೆ. ಕಿರುಚುವ ಗಳಿಗೆಯಲ್ಲಿ ಬಾವಲಿ ತನ್ನ ಕಿವಿಯೊಳಗಿನ ಸ್ನಾಯುವನ್ನು ಬಿಗಿಹಿಡಿಯುತ್ತದೆ, ತನ್ನ ಕೂಗಿಗೆ ತಾನೇ ಕಿವುಡಾಗಬಾರದೆಂದು. ಕೂಗು ಮುಗಿದೊಡನೆ ಸಡಿಲಿಸುತ್ತದೆ. ಪುಸ್ತಕ ಹಿಡಿದು ಅಡುಗೆಮನೆಗೆ ಓಡಿ ಆ ಸಾಲನ್ನು ಇವಳಿಗೆ ತೋರಿಸಿದೆ.

"ಗೊತ್ತು, ಓದಿದ್ದೀನಿ," ಅಂದಳು ಇವಳು. "ನಮ್ಮನೇಲೂ ಒಂದಿದೆಯಲ್ಲ. ಕಿವಿ ಮುಚ್ಕೊಳ್ಳೋದು ಕಲಿತಿದೆ, ಆಮೇಲೆ ತೆಗೆಯೋದು ಮರೆತಿದೆ."

ಸದ್ದಿಲ್ಲದೆ ನಗುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ.

ಫೆಬ್ರವರಿ 17, ಮಂಗಳವಾರ

ಕವಿತೆ ಪುಸ್ತಕ ತೆಗೆದೆ. ಕಾಗದ ದಂಡ. ಸಾಲು ಶುರುವಾಗುವುದರೊಳಗೆ ಮುಗಿದಿರುತ್ತದೆ, ಉಳಿದ ಪುಟವೆಲ್ಲ ಬಿಳಿ. ಮಂಡಿಯಲ್ಲಿ ಯಾವನಾದರೂ ಇಷ್ಟು ಖಾಲಿ ಮೂಟೆ ತಂದರೆ ಗೇಟಿನಿಂದಲೇ ಅಟ್ಟುತ್ತಿದ್ದೆ. ಒಂದು ಹೀಗಿದೆ:

ಏಣಿ ತಂದವರು
ಏಣಿ ಒಯ್ದರು.
ಅಟ್ಟದ ಮೇಲೆ
ನಾನಿದ್ದೇನೆ.

ಅಷ್ಟೇ. ಮುಂದಿನ ಪುಟದಲ್ಲಿ ಏನಾದರೂ ಇದೆಯೇ ಎಂದು ತಿರುವಿದೆ. ಅಲ್ಲಿ ಬೇರೆ ಕವಿತೆ. ಬರೆದವಳು ಎಂಥ ಹೆಂಗಸು, ಒಂದು ಕೂಗು ಹಾಕಬಾರದೇ? ಯಾರಾದರೂ ಏಣಿ ತರುತ್ತಿದ್ದರು. ಬೀದಿಯವರೆಗೂ ಕೇಳುವಂತೆ ಒಂದು ಕೂಗು, ಅಷ್ಟು ಸಾಕಿತ್ತು.

ಫೆಬ್ರವರಿ 18, ಬುಧವಾರ

ಇಡೀ ದಿನ ಆ ಅಟ್ಟದ ಮೇಲಿನ ಹೆಂಗಸು ತಲೆಯಿಂದ ಇಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು, ಅವಳಿಗೂ ಕೂಗಲು ಬಾರದಿದ್ದಿರಬಹುದು. ಸ್ವರ ಬಾರದೇ ಹೋದರೆ ನಾನೇನು ಮಾಡಲಿ? ಭಯವಾಗುತ್ತಿದೆ. ಇಲ್ಲಿ ಬರೆದರೆ ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಬರೆಯುತ್ತೇನೆ, ಭಯವಾಗುತ್ತಿದೆ.

ಫೆಬ್ರವರಿ 19, ಗುರುವಾರ

ಕವಿತೆಗೆ ಪೆನ್ಸಿಲ್ ಉಪಾಯ ನಡೆಯುವುದಿಲ್ಲ. ಬಾವಲಿಯನ್ನು ಕಣ್ಣಿನಲ್ಲಿ ಓದಬಹುದು, ಕವಿತೆ ಬಾಯಿಗೆ ಬರಬೇಕೆಂದು ಹಟ ಮಾಡುತ್ತದೆ. ತುಟಿಯ ತುದಿಯವರೆಗೆ ಬಂದು ಒಳಗೇ ಗುದ್ದುತ್ತದೆ. ಸ್ಲೇಟಿನಲ್ಲಿ "ನೀನು ಓದು" ಎಂದು ಬರೆದು ಇವಳ ಮುಂದೆ ಹಿಡಿದೆ. ಒಗೆದ ಬಟ್ಟೆ ಮಡಿಸುತ್ತಿದ್ದವಳು ಅದನ್ನು ಎರಡು ಸಲ ಓದಿ, ಕೈಯೊರೆಸಿಕೊಂಡು ಕೂತಳು.

ಇವಳು ಓದಿದ್ದು ಗುಂಡಿಯ ಕವಿತೆ. ಅಂಗಿ ಹರಿದುಹೋಯಿತು, ಗುಂಡಿ ಗಟ್ಟಿಯಾಗಿದೆ, ಈಗ ಗುಂಡಿಗೆ ತಕ್ಕ ಅಂಗಿ ಹುಡುಕುತ್ತಿದ್ದೇನೆ ಎಂಬ ಅರ್ಥದ್ದು. ಇವಳ ದನಿ ಸಣ್ಣದು, ಆದರೆ ಅವಸರವಿಲ್ಲ. ಸಾಲು ಮುಗಿದಲ್ಲಿ ನಿಲ್ಲುತ್ತಾಳೆ. ಆ ಬಿಳಿ ಜಾಗವೆಲ್ಲ ನಿಲ್ಲುವುದಕ್ಕೆಂದೇ ಬಿಟ್ಟದ್ದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದೋ ಹನ್ನೆರಡೋ ಕವಿತೆ ಓದಿಸಿದೆ. ಕೆಲವು ಸುಮಾರು. ಚಂದ್ರನ ಮೇಲಿನ ಮೂರೂ ದಂಡ, ಅವು ಯಾಕೆ ಬೇಕಿತ್ತೋ. ಇವಳೂ ಒಪ್ಪಿದಳು. "ಚಂದ್ರ ಬಂದ್ರೆ ನಾನು ಪುಟ ಹಾರಿಸ್ತೀನಿ," ಅಂದಳು.

ಫೆಬ್ರವರಿ 21, ಶನಿವಾರ

ಇವತ್ತಿನದನ್ನು ಬರೆಯಲೋ ಬೇಡವೋ.

ಮಂಡಿಗೆ ಹೋಗಬೇಡಿ ಎಂದು ಇವಳು ಹೇಳಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಹೋದೆ. ಪೀಪಿ ಹೇಗೆ ಕೂಗುತ್ತಾನೆ ನೋಡೋಣ, ಹಿಂದೆ ನಿಂತು ಸುಮ್ಮನೆ ಬರೋಣ ಎಂದುಕೊಂಡೆ. ಸ್ಲೇಟನ್ನು ಮನೆಯಲ್ಲೇ ಮರೆತಿದ್ದೆ.

ನಮ್ಮ ಮಂಡಿಯಲ್ಲಿ ಬಾಯಿ ಇರುವುದು ಕೂಗುವವನಿಗೆ ಮಾತ್ರ. ಕೊಳ್ಳುವವರೆಲ್ಲ ಸನ್ನೆಯವರು. ಕಿವಿ ಮುಟ್ಟಿದರೆ ದರ ಒಂದು ಮೆಟ್ಟಿಲು ಮೇಲೆ. ಹೆಗಲು ಮುಟ್ಟಿದರೆ ಎರಡು. ಎರಡು ಕೈಯನ್ನೂ ಅಗಲಿಸಿ ಬೀಸಿದರೆ ಇಡೀ ರಾಶಿ ನನಗೇ. ಸನ್ನೆ ಮಾಡಿದ ಮೇಲೆ ಹಿಂತೆಗೆಯುವಂತಿಲ್ಲ, ಮಾಲು ಅವನದೇ. ಈ ನಿಯಮವನ್ನು ಹೊಸಬರಿಗೆ ಬೈದು ಬೈದು ಕಲಿಸಿದವನು ನಾನು.

ಪೀಪಿ ಕುಂಬಳಕಾಯಿ ರಾಶಿ ಹರಾಜು ಹಾಕುತ್ತಿದ್ದ. ನನ್ನ ಕುತ್ತಿಗೆಯ ಪಕ್ಕ ಗೋಣಿಯ ನಾರೊಂದು ಚುಚ್ಚುತ್ತಿತ್ತು. ಹೆಗಲು ಕೆರೆದುಕೊಂಡೆ. ಪೀಪಿಯ ಕಣ್ಣು ಅರಳಿತು. "ಭಾವ ಕೇಳಿದ್ರು, ಭಾವ ಕೇಳಿದ್ರು," ಎಂದು ಕೂಗಿದ. ಅಯ್ಯೋ ಬೇಡವೋ ಎಂದು ಎರಡು ಕೈಯನ್ನೂ ಬೀಸಿದೆ. ಬೀಸಿದ ಮೇಲೆ ಗೊತ್ತಾಯಿತು ಏನು ಮಾಡಿದೆನೆಂದು. "ಇಡೀ ರಾಶಿ ಭಾವಂದು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ." ತಡೆಯಲು ಬಾಯಿ ತೆರೆದೆ, ಡಾಕ್ಟರಮ್ಮ ನೆನಪಾಗಿ ಮುಚ್ಚಿಕೊಂಡೆ.

ಸಾಹುಕಾರರ ಹತ್ತಿರ ಓಡಿ ಕೈಮುಗಿದೆ. ಅವರು ಕಣ್ಣೀರು ಒರೆಸಿಕೊಳ್ಳುತ್ತಾ, ಎಂದರೆ ನಕ್ಕು ನಕ್ಕು ಬಂದ ಕಣ್ಣೀರು, "ನಿಯಮ ನಿಂದೇ ಅಲ್ವೇನಯ್ಯ," ಅಂದರು. ಸೊಪ್ಪು ಮಾರುವ ಅಜ್ಜಿ ಮಾತ್ರ ಬಾಯಿಬಿಟ್ಟೇ ಹೇಳಿದಳು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಕೇಳಿದ್ದೆ. ಕಣ್ಣಾರೆ ಇವತ್ತೇ ನೋಡಿದ್ದು."

ಫೆಬ್ರವರಿ 22, ಭಾನುವಾರ

ಹಾಸಿಗೆಯ ಕೆಳಗೆ ಕುಂಬಳಕಾಯಿ. ಮೆಟ್ಟಿಲ ಮೇಲೆ ಕುಂಬಳಕಾಯಿ. ಕುರ್ಚಿಯ ಮೇಲೆ ಒಂದು ಅತಿಥಿಯ ಹಾಗೆ ಕೂತಿದೆ. ನನಗೆ ಮೈಯೆಲ್ಲ ಉರಿ, ಇವಳಿಗೆ ಹಬ್ಬ. ನೋಡಿದಾಗಲೆಲ್ಲ ನಗು ಉಕ್ಕುತ್ತದೆ. ಬೀದಿಯ ಮನೆ ಮನೆಗೂ ಇಬ್ಬರೂ ಹೋಗಿ ಹಂಚಿ ಬಂದೆವು. ಎಲ್ಲರಿಗೂ ಇವಳೇ ಕಥೆ ಹೇಳಿದಳು, ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣ ಹಚ್ಚಿ. ಮೂರನೇ ಮನೆಯ ಹೊತ್ತಿಗೆ ನಾನು ಕೈ ಬೀಸಿ ನಟಿಸಿ ತೋರಿಸಲೂ ಶುರುಮಾಡಿದ್ದೆ. ಸ್ಕೂಟರ್ ಒರೆಸುವವನು ಒಳ್ಳೆಯ ಮನುಷ್ಯ, ಅವನಿಗೆ ಮೂರು ಕೊಟ್ಟೆವು.

ಇವಳು ಇಷ್ಟು ಚೆನ್ನಾಗಿ ಕಥೆ ಹೇಳುವುದು ಯಾವಾಗಿನಿಂದ? ಕೇಳಬೇಕು.

ಫೆಬ್ರವರಿ 26, ಗುರುವಾರ

ಇಟ್ಟಿಗೆ ಕಾದಂಬರಿ. ಇಬ್ಬರು ಅಕ್ಕತಂಗಿಯರು ಒಂದು ವಸತಿಗೃಹ ನಡೆಸುತ್ತಾರೆ. ಅಕ್ಕ ಮೂಗಿನ ಮೇಲೆ ಕೋಪದವಳು, ತಂಗಿ ಮೆತ್ತಗೆ. ಎಂಟು ಕೋಣೆ, ಬಂದು ಹೋಗುವ ಜನ, ಸೋರುವ ನಲ್ಲಿ. ಮೊದಲ ಐವತ್ತು ಪುಟ ಬರೀ ಕೋಣೆಗಳ ವರ್ಣನೆ. ಪರದೆಯ ಬಣ್ಣ ಕಟ್ಟಿಕೊಂಡು ನನಗೇನಾಗಬೇಕು ಎಂದು ಬೈದುಕೊಂಡೆ. ಈಗ ಯಾರಾದರೂ ಆರನೇ ಕೋಣೆಗೆ ಬಂದರೆ ಅಲ್ಲಿ ಬಾಗಿಲು ಅಂಟಿಕೊಳ್ಳುತ್ತದೆ ಎಂದು ನನಗೇ ಎಚ್ಚರಿಸಬೇಕೆನಿಸುತ್ತದೆ.

ಐದನೇ ಕೋಣೆಗೆ ಒಬ್ಬ ಭೂಮಾಪಕ ಬಂದಿದ್ದಾನೆ. ತಂಗಿಯನ್ನು ಮೆಚ್ಚಿದ್ದಾನೆ. ಅಕ್ಕ ಅವನನ್ನು ಪಕ್ಕಕ್ಕೆ ಕರೆದು, ತಂಗಿಗೆ ಹೃದಯದ ಕಾಯಿಲೆ, ಹೆಚ್ಚು ದಿನ ಬದುಕುವವಳಲ್ಲ ಎಂದು ಸುಳ್ಳು ಹೇಳಿ ಓಡಿಸಿದಳು. ಒಬ್ಬಳೇ ಆಗಿಬಿಡುವ ಹೆದರಿಕೆಗೆ. ನಾನು ಪುಸ್ತಕ ಮುಚ್ಚಿ ಅಂಗಳದಲ್ಲಿ ಎರಡು ಸುತ್ತು ನಡೆದೆ. ಅಂಥ ಅಕ್ಕನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹರಾಜು ಹಾಕಬೇಕು.

ಇವಳೂ ಮತ್ತೆ ಓದುತ್ತಿದ್ದಾಳೆ. ಒಂದೇ ಪುಸ್ತಕ, ಎರಡು ಗುರುತಿನ ಚೀಟಿ. ನನ್ನದು ಹಿಂದೆ, ಇವಳದು ಮುಂದೆ. "ಅಕ್ಕನ್ನ ಅಷ್ಟು ಬೈಬೇಡಿ. ಮುಂದೆ ಗೊತ್ತಾಗುತ್ತೆ," ಅಂದಳು. ಏನು ಗೊತ್ತಾಗುತ್ತದೆ ಎಂದು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದೆ. "ಹೇಳಲ್ಲ." ಇನ್ನೂ ದೊಡ್ಡದಾಗಿ ಬರೆದೆ. "ಸ್ಲೇಟಲ್ಲೂ ಕೂಗ್ತೀರಲ್ರೀ," ಅಂದಳು.

ಮಾರ್ಚ್ 2, ಸೋಮವಾರ

ಪೀಪಿ ಬಂದಿದ್ದ. ಮಂಡಿಯಲ್ಲಿ ಎಲ್ಲ ಸಲೀಸು ಅಂದ. ನನ್ನ ಹಾಗೇ ಕೂಗಲು ಕಲಿಯುತ್ತಿದ್ದಾನಂತೆ, ಸಾಹುಕಾರರು ಬೆನ್ನು ತಟ್ಟಿದರಂತೆ. "ನೀವು ಆರಾಮಾಗಿ ಬನ್ನಿ ಭಾವ, ಅವಸರ ಏನಿಲ್ಲ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಎದೆಯಲ್ಲಿ ಕಲ್ಲಿಟ್ಟಂತಾಯಿತು. ಮೈಕು ಹಿಡಿದು ಕೂಗಬಹುದಲ್ಲ ಎಂದು ಇವಳು ಕೇಳಿದಳು. ಹಿಂದೊಮ್ಮೆ ತಂದಿದ್ದರು. ತಗಡಿನ ಸೂರಿಗೆ ಸದ್ದು ಬಡಿದು ಒಂದು ದರ ನಾಲ್ಕಾಗಿ ಕೇಳಿಸಿ, ಇಬ್ಬರು ಕೈಕೈ ಮಿಲಾಯಿಸಿದರು. ಮೈಕು ಅವತ್ತೇ ಗೋದಾಮು ಸೇರಿತು.

ಇದನ್ನೆಲ್ಲ ಸ್ಲೇಟಿನಲ್ಲಿ ಬರೆದು ಒರೆಸಿ ಬರೆದು ತೋರಿಸುವಷ್ಟರಲ್ಲಿ ಸಂಜೆಯಾಯಿತು. ಆಮೇಲೆ ಇವಳು ತನ್ನ ಲೈಬ್ರರಿಯ ಸಂಗತಿ ಹೇಳಿದಳು. ಪಿಂಚಣಿದಾರರೊಬ್ಬರು ಪತ್ತೇದಾರಿ ಕಾದಂಬರಿಗಳನ್ನು ಒಯ್ದು, ಕೊಲೆಗಾರ ಯಾರೆಂದು ಗೊತ್ತಾದೊಡನೆ ಮೊದಲ ಪುಟಗಳಿಗೆ ಮರಳಿ ಅವನ ಹೆಸರಿಗೆ ಪೆನ್ನಿನಲ್ಲಿ ಅಡಿಗೆರೆ ಎಳೆದು ತರುತ್ತಿದ್ದರಂತೆ. ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಕೊನೆಗೆ ಇವಳು ಒಂದು ಉಪಾಯ ಮಾಡಿದಳು. ಅವರು ಒಯ್ಯುವ ಮೊದಲೇ ಪುಸ್ತಕದಲ್ಲಿ ಅಡುಗೆಯವಳು, ತೋಟದವನು, ಡಾಕ್ಟರು, ಎಲ್ಲರ ಹೆಸರಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟಳು. ಮರುದಿನ ಅವರು ಬಂದು, "ಅಮ್ಮಾ, ಇದರಲ್ಲಿ ಎಲ್ಲರೂ ಸೇರಿ ಕೊಂದಿದ್ದಾರಾ?" ಅಂತ ಕೇಳಿದರಂತೆ. ಪೆನ್ಸಿಲ್ ಗೆರೆಗಳನ್ನು ಅವರ ಕೈಯಲ್ಲೇ ರಬ್ಬರ್ ಕೊಟ್ಟು ಒರೆಸಿಸಿದಳು. ಆಮೇಲೆ ಅವರು ಗೆರೆ ಎಳೆದಿಲ್ಲ.

ಇದು ನಡೆದು ಆರು ವರ್ಷವಾಯಿತಂತೆ. ಎಂಥ ಕಥೆ! ಆಗಲೇ ಯಾಕೆ ಹೇಳಲಿಲ್ಲ ಎಂದು ಬರೆದು ತೋರಿಸಿದೆ. "ಹೇಳಿದ್ದೆ," ಅಂದಳು.

ಮಾರ್ಚ್ 6, ಶುಕ್ರವಾರ

ಕಾದಂಬರಿ ಮುಗಿಯಿತು. ಕಣ್ಣು ಊದಿಕೊಂಡಿದೆ, ಈರುಳ್ಳಿ ಹೆಚ್ಚಿದೆ ಎಂದು ಇವಳಿಗೆ ಸುಳ್ಳು ಬರೆದು ತೋರಿಸಿದೆ. ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಅಕ್ಕತಂಗಿ ಇಬ್ಬರಿಗೂ ಮುಪ್ಪು ಬಂದಿದೆ. ವಸತಿಗೃಹ ಮಾರಿ ಹೊರಡುವ ದಿನ ಐದನೇ ಕೋಣೆಯಲ್ಲಿ ಇಬ್ಬರೂ ಪರದೆ ಬಿಚ್ಚುತ್ತಿರುತ್ತಾರೆ. ತಂಗಿ ಹೇಳುತ್ತಾಳೆ, ಆ ಭೂಮಾಪಕನಿಗೆ ನೀನು ಏನು ಹೇಳಿದೆಯೆಂದು ನನಗೆ ಗೊತ್ತಿತ್ತು, ಗೋಡೆ ತೆಳುವಾಗಿತ್ತು. ಅಕ್ಕ ಪರದೆ ಮಡಿಸುತ್ತಲೇ ಹೇಳುತ್ತಾಳೆ, ನಿನಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಆಮೇಲೆ ಇಬ್ಬರೂ ಆರನೇ ಕೋಣೆಗೆ ಹೋಗಿ ಉಳಿದ ಪರದೆ ಬಿಚ್ಚುತ್ತಾರೆ.

ಕಾದಂಬರಿಕಾರ ಚಿನ್ನದಂಥ ಮನುಷ್ಯ. ಮುನ್ನೂರು ಪುಟ ಜಾಸ್ತಿ ಬರೆದಿದ್ದಾನೆ, ಕ್ಷಮಿಸಿದ್ದೇನೆ. ಆದರೆ ಈ ಇಬ್ಬರನ್ನು ಏನೆನ್ನಬೇಕು? ಗಂಟಲಿನಲ್ಲಿ ಗಂಟಿಲ್ಲ, ಆಪರೇಷನ್ನಿಲ್ಲ, ಡಾಕ್ಟರ ತಡೆಯಿಲ್ಲ. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡು, ಹೇಳಬೇಕಾದ ಒಂದು ಮಾತು ಹೇಳಲಿಲ್ಲ. ಇದನ್ನೇ ಸ್ಲೇಟು ತುಂಬ ಬರೆದೆ.

ಇವಳು ಓದಿ ಸ್ಲೇಟನ್ನು ನನ್ನ ಕೈಗೆ ಮರಳಿಸಿದಳು. "ಹೇಳೋಕೆ ಗಂಟಲೊಂದೇ ಸಾಲದು ರೀ. ಎದುರಿಗಿರೋರಿಗೆ ಪುರುಸೊತ್ತೂ ಇರಬೇಕು," ಅಂದಳು. ಅದು ತಂಗಿಯ ಪರವಾಗಿ ಅಂದದ್ದೋ ಅಕ್ಕನ ಪರವಾಗಿಯೋ ನನಗೆ ಸರಿಯಾಗಿ ತಿಳಿಯಲಿಲ್ಲ. ಇನ್ನೂ ಹೇಳಲಿ ಎಂದು ಸ್ಲೇಟು ಒರೆಸಿ ಪಕ್ಕಕ್ಕಿಟ್ಟು ಕೂತೆ. ತುಂಬ ಹೇಳಿದಳು. ಕತ್ತಲಾದದ್ದು ಗೊತ್ತಾಗಲಿಲ್ಲ.

ಮಾರ್ಚ್ 9, ಸೋಮವಾರ

ಡಾಕ್ಟರಮ್ಮನ ಮುಂದೆ ಕೂತೆ. ಗಂಟಲೊಳಗೆ ಕನ್ನಡಿ ಇಳಿಸಿ ನೋಡಿದರು. ಇವಳು ಗೋಡೆಗೆ ಒರಗಿ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

"ಗಾಯ ಮಾಗಿದೆ. ಏನಾದ್ರೂ ಹೇಳಿ," ಅಂದರು.

ತಿಂಗಳಿಡೀ ಈ ಗಳಿಗೆಗೆಂದು ಮಾತುಗಳನ್ನು ಜೋಡಿಸಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. "ಏನ್ ಹೇಳ್ಲಿ?" ಅಂದೆ. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಿತು. ತಗ್ಗಿದ ದನಿ, ಸ್ವಲ್ಪ ಒಡಕು. ಅದು ನನ್ನದೇ ಎಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು. ಇವಳು ಮುಖ ಮುಚ್ಚಿಕೊಂಡಳು.

"ಮಾತಿಗೆ ಇಷ್ಟು ಸಾಕು. ಆದ್ರೆ ಕೂಗು ಇನ್ನು ಮರೆತುಬಿಡಿ. ಮತ್ತೆ ಗಂಟು ಬಂದ್ರೆ ಇದೂ ಉಳಿಯಲ್ಲ," ಅಂದರು ಡಾಕ್ಟರಮ್ಮ.

ಮಾರ್ಚ್ 10, ಮಂಗಳವಾರ

ಮಾತು ಬಂದಿದೆ. ಮಂಡಿ ಹೋಯಿತು. ಓದಲು ಮನಸ್ಸಿಲ್ಲ.

ಮಾರ್ಚ್ 13, ಶುಕ್ರವಾರ

ಎಲ್ಲಿಂದ ಬರೆಯಲಿ. ಇವತ್ತು ಅಂಥ ದಿನ.

ಬೆಳಿಗ್ಗೆ ಇನ್ನೂ ಬೆಳಕು ಹರಿಯದ ಹೊತ್ತಿಗೆ ಸಾಹುಕಾರರ ಫೋನು. ಪೀಪಿಯ ಗಂಟಲು ಕಟ್ಟಿದೆ. ನನ್ನ ಹಾಗೆ ಕೂಗಲು ಹೋಗಿ ಹುಚ್ಚಪ್ಪ ಗಂಟಲು ಹರಿದುಕೊಂಡಿದ್ದಾನೆ. ಲಾರಿಗಳು ಬಂದು ನಿಂತಿವೆ, ಕೂಗುವವರಿಲ್ಲ. ನನ್ನ ಕೈಲೂ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಇವಳು ಫೋನು ಕಸಿದುಕೊಂಡು, "ಬರ್ತಾರೆ," ಅಂದಳು. ನನ್ನ ಕಡೆ ತಿರುಗಿ, "ಕೂಗ್ಬೇಡಿ. ಹೇಳಿ ಬನ್ನಿ," ಅಂದಳು.

ಕಟ್ಟೆ ಹತ್ತಿದೆ. ಮಂಡಿ ಯಾವತ್ತಿನಂತೆ ಗಿಜಿಗುಡುತ್ತಿತ್ತು. ತಳ್ಳುಗಾಡಿ, ಹಮಾಲರ ಬೈಗುಳ, ಲಾರಿಯ ಹಾರನ್ನು. "ಟೊಮೆಟೊ, ಮೊದಲ ರಾಶಿ," ಅಂದೆ. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ಹಿಂದಿನಿಂದ ಯಾರೋ, "ಸೈರನ್ ಕೆಟ್ಟೋಗಿದೆ ಕಣ್ರೋ," ಅಂದ, ನಕ್ಕರು. ಹಿಂದಿನ ನಾನಾಗಿದ್ದರೆ ಅವನ ಏಳು ತಲೆಮಾರನ್ನು ಹರಾಜು ಹಾಕಿರುತ್ತಿದ್ದೆ. ಸುಮ್ಮನೆ ನಿಂತೆ. ಅವರ ಮಾತು ಮುಗಿಯಲಿ ಎಂದು ಕಾದೆ.

ಆಗ ಸೊಪ್ಪಿನ ಅಜ್ಜಿ ಹಿಂದೆ ತಿರುಗಿ, "ಸುಮ್ಮನಿರ್ರೋ, ಏನೋ ಹೇಳ್ತಾ ಇದ್ದಾನೆ," ಅಂದಳು. ಮುಂದಿನ ಸಾಲು ಸುಮ್ಮನಾಯಿತು. ಅವರು ಯಾಕೆ ಸುಮ್ಮನಾದರೆಂದು ನೋಡಲು ಎರಡನೇ ಸಾಲು ಸುಮ್ಮನಾಯಿತು. ಹಮಾಲರು ಮೂ‌ಟೆ ಇಳಿಸಿ ನಿಂತರು. ದೂರದಲ್ಲಿದ್ದವರು ಹತ್ತಿರ ಬಂದರು. ಕಡೆಗೆ ಲಾರಿಯವನೂ ಎಂಜಿನ್ ಆರಿಸಿದ. ದೊಡ್ಡ ತಕ್ಕಡಿಯ ಸರಪಳಿ ಗಾಳಿಗೆ ಅಲ್ಲಾಡುವ ಸದ್ದು ಕೇಳಿಸಿತು. ಇಷ್ಟು ವರ್ಷ ಅದರ ಪಕ್ಕದಲ್ಲೇ ನಿಂತಿದ್ದೇನೆ, ಅದಕ್ಕೆ ಸದ್ದಿದೆಯೆಂದು ತಿಳಿದದ್ದು ಇವತ್ತು.

ದರ ಹೇಳಿದೆ. ಒಬ್ಬ ಕಿವಿ ಮುಟ್ಟಿದ. ಇನ್ನೊಬ್ಬ ಹೆಗಲು ಮುಟ್ಟಿದ. ಒಂದನೇ ಸಲ ಎಂದು ನಿಂತೆ. ಎರಡನೇ ಸಲ ಎಂದು ನಿಂತೆ. ಆ ನಿಂತ ಹೊತ್ತಿನಲ್ಲೇ ಇನ್ನೆರಡು ಕೈ ಮೇಲೆದ್ದವು. ಬಿಸಿಲೇರುವಷ್ಟರಲ್ಲಿ ಎಲ್ಲ ರಾಶಿ ಮುಗಿದಿತ್ತು. ಒಂದು ಜಗಳವಿಲ್ಲ, ಒಂದು ತಕರಾರಿಲ್ಲ. ಬದನೆಕಾಯಿ ಬೆಳೆದು ತಂದವನೊಬ್ಬ ಬಂದು ಕೈ ಹಿಡಿದುಕೊಂಡ. "ಎಷ್ಟು ವರ್ಷದಿಂದ ತರ್ತಾ ಇದ್ದೀನಿ. ನನ್ನ ಮಾಲು ಎಷ್ಟಕ್ಕೆ ಹೋಯ್ತು ಅಂತ ನಿಮ್ಮ ಬಾಯಿಂದ್ಲೇ ಅರ್ಥ ಆಗಿದ್ದು ಇವತ್ತೇ," ಅಂದ. ಪೀಪಿ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅವನಿಗೂ ಸ್ಲೇಟು ಕೊಡಿಸಬೇಕು.

ಸಾಹುಕಾರರು, "ನಾಳೆಯಿಂದ ನೀನೇ ನಿಲ್ಲು. ಹೀಗೇ," ಅಂದರು. ಮನೆಯವರೆಗೂ ಓಡುತ್ತಲೇ ಬಂದೆ.

ಮಾರ್ಚ್ 16, ಸೋಮವಾರ

ಇವತ್ತು ಮಂಡಿಯಲ್ಲಿ ಒಂದು ಭಾರಿ ತಮಾಷೆ ನಡೆಯಿತು. ಬರೆದಿಡೋಣವೆಂದು ಕೂತೆ. ಆದರೆ ಅದನ್ನು ಊಟದ ಹೊತ್ತಿಗೇ ಇವಳಿಗೆ ಹೇಳಿಯಾಗಿದೆ, ಲೈಬ್ರರಿಯಲ್ಲಿ ನಡೆದದ್ದನ್ನು ಇವಳು ಹೇಳಿಯಾಗಿದೆ, ಇಬ್ಬರೂ ಸಾಕಷ್ಟು ನಕ್ಕೂ ಆಗಿದೆ. ಇಲ್ಲಿ ಹೇಳಲು ಏನೂ ಉಳಿದಿಲ್ಲ.

ಇವಳು ಹೊಸ ಪುಸ್ತಕ ತಂದು ದೀಪ ಹಚ್ಚಿ ಕರೆಯುತ್ತಿದ್ದಾಳೆ. ಇವತ್ತು ಓದಿ ಹೇಳುವವನು ನಾನು.